ಹಕ್ಕಲಾಯುವವಳು

ಸತ್ಯವೇದದ ರೂತಳ ಪುಸ್ತಕವು ನಾಲ್ಕೇ ಅಧ್ಯಾಯಗಳುಳ್ಳದ್ದು. ಆದರೂ ಹೊಸದಾಗಿ ಬಂದವರನ್ನು ಬರಮಾಡಿಕೊಳ್ಳುವ ರೀತಿಯನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಪಾಠವು ವಿರಳ.

ಮೋವಾಬ್ ದೇಶದ ರೂತಳು ವಿಧವೆಯಾಗಿ, ಅತ್ತೆಯಾದ ನೊವೊಮಿಯ ಸಂಗಡ ಬೇತ್ಲೆಹೇಮಿಗೆ ಬಂದಾಗ ಜವೆಗೋದಿಯ ಸುಗ್ಗಿಯು ಆರಂಭವಾಗಿತ್ತು. ಹೊಲದ ಅಂಚನ್ನು ಕೊಯ್ಯದೆ, ಉದುರಿದ ತೆನೆಯನ್ನು ಆಯದೆ, ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ವಿಧಿಯು ಯಾಜಕಕಾಂಡದ 19ನೆಯ ಅಧ್ಯಾಯದಲ್ಲುಂಟು. ರೂತಳು ಹಕ್ಕಲಾಯ್ದದ್ದು ಈ ಹಕ್ಕಿನಿಂದಲೇ. ಆದರೆ ಆಕೆಯು ಯಾರೆಂದು ಹೊಲದೊಡೆಯನಾದ ಬೋವಜನು ಕೇಳಿದಾಗ, ಕೊಯ್ಯುವವರ ಮೇಲ್ವಿಚಾರಕನು ಮೋವಾಬ್ಯಳೆಂದನೇ ಹೊರತು ಹೆಸರನ್ನು ಹೇಳಲಿಲ್ಲ. ಬೋವಜನಾದರೋ ಆಕೆಯನ್ನು ಮಗಳೆಂದು ಕರೆದನು. ಆಳುಗಳು ಸೇದಿಟ್ಟ ನೀರನ್ನು ಕುಡಿಯಗೊಟ್ಟನು. ಊಟದ ಹೊತ್ತಿನಲ್ಲಿ ಕೊಯ್ಯುವವರ ಪಕ್ಕದಲ್ಲಿಯೇ ಕುಳ್ಳಿರಿಸಿದನು. ತೆನೆಯನ್ನು ಕೊಟ್ಟದ್ದು ವಿಧಿ. ಪಂಕ್ತಿಯಲ್ಲಿ ಸ್ಥಳವನ್ನು ಕೊಟ್ಟದ್ದು ಹೃದಯ. ಈ ಪರದೇಶದವಳೇ ಮುಂದೆ ದಾವೀದರಸನ ಮುತ್ತಜ್ಜಿಯಾದಳು.

ನಾವು ವಿದ್ಯಾರ್ಥಿನಿಯರಾಗಿದ್ದಾಗ ನಮ್ಮ ತರಗತಿಗೆ ಘಟ್ಟದಾಚೆಯಿಂದ ಒಬ್ಬ ಹುಡುಗಿಯು ಬಂದಳು. ಅವಳ ಮಾತಿನ ರಾಗಕ್ಕೆ ನಕ್ಕು, ವರ್ಷವಿಡೀ 'ಘಟ್ಟದವಳು' ಎಂದೇ ಕರೆದೆವು. ಹಾಜರಿ ಪುಸ್ತಕವು ಅವಳಿಗೆ ಬೆಂಚನ್ನು ಕೊಟ್ಟಿತ್ತು. ಬುತ್ತಿಯನ್ನು ಬಿಚ್ಚುವಾಗ ಮಾತ್ರ ಅವಳು ಒಬ್ಬಳೇ. ಅದು ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತದೆ.

ಈಗ ನಮ್ಮ ಶಾಲೆಗೆ ನಾನಾ ಭಾಷೆಯ, ನಾನಾ ಊರಿನ ಮಕ್ಕಳು ಬರುತ್ತಾರೆ. ಅವರಿಗೆ ಬೆಂಚನ್ನು ನಾವು ಕೊಡಬಲ್ಲೆವು. ಉಳಿದದ್ದನ್ನು ನಿಮ್ಮ ಮಕ್ಕಳೇ ಕೊಡಬೇಕು. ಆದುದರಿಂದ ಪ್ರಿಯ ತಾಯ್ತಂದೆಗಳೇ, ಮಗಳು ಸಂಜೆ ಮನೆಗೆ ಬಂದಾಗ ಅಂಕಗಳನ್ನು ವಿಚಾರಿಸುವ ಮೊದಲು, ತರಗತಿಗೆ ಬಂದ ಹೊಸ ಹುಡುಗಿಯ ಹೆಸರೇನು, ಅವಳು ಈ ದಿನ ಯಾರೊಡನೆ ಉಂಡಳು ಎಂದು ಕೇಳಿರಿ.