ಶುಕ್ರಗ್ರಹದ ತರಗತಿ: ಒಂದು ಟಿ.ವಿ. ಕಂತಿನ ಮೂಲಕ ಪಾತ್ರಗಳ ಸಂಬಂಧವನ್ನು ಓದಿಸಿದ ಅನುಭವ

ಪೀಠಿಕೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಕುಷ್ಟಗಿ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆ. ಎಂಟನೇ ತರಗತಿ, ಮೂವತ್ತೆಂಟು ಮಕ್ಕಳು. ನನ್ನ ಬೋಧನಾ ವಿಷಯ ಭೌತವಿಜ್ಞಾನ. ಸೌರವ್ಯೂಹದ ಪಾಠ ಮುಗಿದ ಮೇಲೆ ಎರಡು ಅವಧಿಗಳು ಉಳಿದಿದ್ದವು. ಕಾಲೇಜಿನಲ್ಲಿ ಪಠ್ಯಗಳ ಓದು ಮತ್ತು ಚಿಂತನ ಎಂಬ ವಿಷಯಕ್ಕಾಗಿ ಮಕ್ಕಳೊಂದಿಗೆ ಒಂದು ಕಥೆಯನ್ನೋ ದೃಶ್ಯವನ್ನೋ ಓದಿಸಿ ವರದಿ ಬರೆಯಬೇಕಿತ್ತು. ಎರಡು ಕೆಲಸಗಳನ್ನೂ ಸೇರಿಸಿ ಒಂದು ಪಾಠ ಯೋಜಿಸಿದೆ. ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಪಾತ್ರಗಳ ಸಂಬಂಧದ ಉಸಾಬರಿ ಏಕೆ ಎಂದು ಗೆಳೆಯರು ಕೇಳಿದರು. ಪಾಠ ಮಾಡಿದ ಮೇಲೆ ನನಗೆ ಸಿಕ್ಕ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಆರಿಸಿಕೊಂಡ ಕಂತು

ಅಮೆರಿಕದ ಲೇಖಕ ರೇ ಬ್ರಾಡ್ಬರಿ 1954ರಲ್ಲಿ 'ಆಲ್ ಸಮ್ಮರ್ ಇನ್ ಎ ಡೇ' ಎಂಬ ಚಿಕ್ಕ ಕಥೆ ಪ್ರಕಟಿಸಿದರು. 1982ರಲ್ಲಿ ಅದು ಅಲ್ಲಿನ ಟಿ.ವಿ.ಗಾಗಿ ಸುಮಾರು ಅರ್ಧ ಗಂಟೆಯ ಚಿತ್ರವಾಯಿತು. ಕಥೆ ನಡೆಯುವುದು ಶುಕ್ರಗ್ರಹದ ಒಂದು ಶಾಲೆಯಲ್ಲಿ. ಅಲ್ಲಿ ಮಳೆ ನಿಲ್ಲುವುದೇ ಇಲ್ಲ. ಕಥೆಯಲ್ಲಿ ಏಳು ವರ್ಷಕ್ಕೊಮ್ಮೆ ಮಾತ್ರ ಸ್ವಲ್ಪ ಹೊತ್ತು ಸೂರ್ಯ ಕಾಣಿಸುತ್ತಾನೆ. ತರಗತಿಯ ಮಕ್ಕಳಿಗೆ ಈಗ ಒಂಬತ್ತು ವರ್ಷ. ಹಿಂದಿನ ಸಲ ಬಿಸಿಲು ಬಿದ್ದಾಗ ಎರಡು ವರ್ಷದವರಾಗಿದ್ದರು, ಹಾಗಾಗಿ ಯಾರಿಗೂ ನೆನಪಿಲ್ಲ. ಮಾರ್ಗೋ ಎಂಬ ಹುಡುಗಿ ಮಾತ್ರ ನಾಲ್ಕು ವರ್ಷದವಳಿದ್ದಾಗ ಭೂಮಿಯಿಂದ ಬಂದವಳು. ಅವಳಿಗೆ ಸೂರ್ಯ ನೆನಪಿದೆ. ಸೂರ್ಯ ಬರುವ ದಿನ, ಶಿಕ್ಷಕಿ ತರಗತಿಯಲ್ಲಿ ಇಲ್ಲದಿದ್ದಾಗ, ವಿಲಿಯಂ ಎಂಬ ಹುಡುಗನ ಮುಂದಾಳತ್ವದಲ್ಲಿ ಮಕ್ಕಳು ಅವಳನ್ನು ಒಂದು ಚಿಕ್ಕ ಕೋಣೆಯೊಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ಶಿಕ್ಷಕಿ ಬರುತ್ತಾಳೆ, ಮಳೆ ನಿಲ್ಲುತ್ತದೆ, ಎಲ್ಲರೂ ಹೊರಗೆ ಓಡಿ ಬಿಸಿಲಿನಲ್ಲಿ ಆಡುತ್ತಾರೆ. ಮತ್ತೆ ಹನಿ ಬಿದ್ದು ಒಳಗೆ ಬಂದಾಗ ಮಾರ್ಗೋ ನೆನಪಾಗುತ್ತಾಳೆ. ಬಾಗಿಲು ತೆಗೆಯುವಲ್ಲಿಗೆ ಕಥೆ ನಿಲ್ಲುತ್ತದೆ. ಟಿ.ವಿ. ಚಿತ್ರ ಇನ್ನಷ್ಟು ಮುಂದೆ ಹೋಗುತ್ತದೆ. ಬಿಸಿಲಿನಲ್ಲಿ ಕಿತ್ತು ತಂದ ಹೂಗಳನ್ನು ಮಕ್ಕಳು ಮಾರ್ಗೋಗೆ ಕೊಡುತ್ತಾರೆ.

ವಿಜ್ಞಾನದ ದೃಷ್ಟಿಯಿಂದ ಈ ಶುಕ್ರ ತಪ್ಪು. ನಿಜವಾದ ಶುಕ್ರದ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್, ವಾಯುವಿನ ಒತ್ತಡ ಭೂಮಿಯದರ ಸುಮಾರು 90 ಪಟ್ಟು. ಅಲ್ಲಿನ ಮೋಡಗಳಲ್ಲಿರುವುದು ಗಂಧಕಾಮ್ಲ. ಅದರ ಹನಿಗಳು ನೆಲ ಮುಟ್ಟುವ ಮೊದಲೇ ಆವಿಯಾಗುತ್ತವೆ. ಆದರೆ 1954ರಲ್ಲಿ ಇದು ಖಚಿತವಾಗಿ ಗೊತ್ತಿರಲಿಲ್ಲ. ಮೋಡದ ಕೆಳಗೆ ಏನಿದೆ ಎಂದು ದೂರದರ್ಶಕಕ್ಕೆ ಕಾಣುತ್ತಿರಲಿಲ್ಲ. 1962ರಲ್ಲಿ ಮ್ಯಾರಿನರ್ 2 ಹತ್ತಿರ ಹಾದುಹೋದಾಗ ಶುಕ್ರ ಸುಡುವ ಗ್ರಹವೆಂದು ತಿಳಿಯಿತು. 1970ರಲ್ಲಿ ವೆನೆರಾ 7 ಅಲ್ಲಿ ಇಳಿದು ಮಾಹಿತಿ ಕಳಿಸಿತು. ಈ ಮಾಹಿತಿಯನ್ನು ಮೊದಲ ಹತ್ತು ನಿಮಿಷದಲ್ಲೇ ಕೊಟ್ಟೆ. "ಹಂಗಾರ ಸುಳ್ಳು ಕತಿ ಯಾಕ್ರಿ ಸರ?" ಎಂದು ಒಬ್ಬ ಕೇಳಿದ. ಪ್ರಯೋಗದಲ್ಲಿ ನಾವು ಒಂದೇ ಒಂದು ಅಂಶವನ್ನು ಬದಲಿಸಿ ಉಳಿದದ್ದು ಏನಾಗುತ್ತದೆ ಎಂದು ನೋಡುತ್ತೇವೆ. ಈ ಲೇಖಕ ಸೂರ್ಯನನ್ನು ತೆಗೆದುಹಾಕಿ ಒಂದು ತರಗತಿ ಏನಾಗುತ್ತದೆ ಎಂದು ನೋಡಿದ್ದಾನೆ ಎಂದು ಹೇಳಿದೆ. ಅವನಿಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ, ಆ ಮಾತು ಆಗ ಬಾಯಿಗೆ ಬಂದದ್ದು. ಪಾಠ ಮುಗಿಯುವ ಹೊತ್ತಿಗೆ ನಾನೂ ಅದನ್ನು ನಂಬಿದ್ದೆ.

ಮೊದಲ ಅವಧಿ: ಬಾಣದ ನಕ್ಷೆ

ಚಿತ್ರದ ಮಾತು ಇಂಗ್ಲಿಷಿನಲ್ಲಿರುವುದರಿಂದ ಮೊದಲು ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಆಮೇಲೆ ಐದೈದು ಮಕ್ಕಳ ಗುಂಪು ಮಾಡಿ ಒಂದೊಂದು ಹಾಳೆ ಕೊಟ್ಟೆ. ಪಾತ್ರಗಳ ಹೆಸರನ್ನು ವೃತ್ತದೊಳಗೆ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯಬೇಕು. ಆಹಾರ ಸರಪಳಿಯ ಚಿತ್ರ ಬರೆದು ಅಭ್ಯಾಸವಿದ್ದುದರಿಂದ ಬಾಣ ಎಂದರೆ ಮಕ್ಕಳಿಗೆ ತಕ್ಷಣ ತಿಳಿಯಿತು. ನಿಯಮಗಳು ಮೂರು.

1. ಬಾಣದ ಮೇಲೆ 'ಒಳ್ಳೆಯವ', 'ಕೆಟ್ಟವ' ಎಂದು ಬರೆಯಬಾರದು. ಒಬ್ಬರು ಇನ್ನೊಬ್ಬರಿಂದ ಏನು ಬಯಸುತ್ತಾರೆ, ಅಥವಾ ಅವರನ್ನು ಕಂಡರೆ ಏನನಿಸುತ್ತದೆ ಎಂದು ಬರೆಯಬೇಕು.
2. ಹೋಗುವ ಬಾಣ ಬೇರೆ, ಬರುವ ಬಾಣ ಬೇರೆ. ಎರಡೂ ಒಂದೇ ಆಗಿರಬೇಕಿಲ್ಲ.
3. ಪ್ರತಿ ಬಾಣಕ್ಕೂ ಕಥೆಯಿಂದ ಒಂದು ಸಾಕ್ಷಿ ಬೇಕು.

ಎರಡನೆಯ ನಿಯಮದಲ್ಲಿ ನಾನೇ ಎಡವಿದ್ದೆ. ಪಾಠಯೋಜನೆಯಲ್ಲಿ ನ್ಯೂಟನ್ನನ ಮೂರನೆಯ ನಿಯಮದೊಂದಿಗೆ ಜೋಡಿಸಿ 'ಸಮ ಮತ್ತು ವಿರುದ್ಧ' ಎಂದು ಬರೆದಿದ್ದೆ. ಮಾರ್ಗದರ್ಶಕ ಶಿಕ್ಷಕರು ಅದನ್ನು ಹೊಡೆದುಹಾಕಿದರು. ಬಲಗಳು ಹಾಗಿರಬಹುದು, ಮನುಷ್ಯರು ಹಾಗಿರುವುದಿಲ್ಲ ಎಂದರು. ಅವರು ಹೇಳಿದ್ದೇ ಸರಿಯಾಯಿತು.

ಮೊದಲಿಗೆ ಬಂದ ಉತ್ತರ ಎಲ್ಲರೂ ಊಹಿಸಬಹುದಾದದ್ದು: ವಿಲಿಯಂಗೆ ಸಿಟ್ಟು, ಮಾರ್ಗೋ ಪಾಪ. ಸಿಟ್ಟು ಯಾತಕ್ಕೆ ಎಂದು ಕೇಳಿದೆ. ಹೊಟ್ಟೆಕಿಚ್ಚು ಎಂದರು. ಯಾವುದರ ಮೇಲೆ ಹೊಟ್ಟೆಕಿಚ್ಚು? ಅವಳ ಹತ್ತಿರ ಹಣವಿಲ್ಲ, ಆಟದಲ್ಲಿ ಮುಂದಿಲ್ಲ, ಸ್ನೇಹಿತರೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಿಂದಿನ ಬೆಂಚಿನ ಹುಡುಗಿ ಹೇಳಿದಳು: "ಅಕಿಗೆ ನೆನಪೈತ್ರಿ ಸರ, ಇವರಿಗಿಲ್ಲ." ಅಲ್ಲಿಂದ ಪಾಠದ ದಿಕ್ಕೇ ಬದಲಾಯಿತು. ಮಾರ್ಗೋಳ ಹತ್ತಿರ ಇರುವುದು ಒಂದೇ, ಅದನ್ನು ಕಿತ್ತುಕೊಳ್ಳಲು ಬರುವುದಿಲ್ಲ, ಸುಳ್ಳು ಎನ್ನಬಹುದು ಅಷ್ಟೆ. ಆದ್ದರಿಂದಲೇ ಸೂರ್ಯ ಬರುವುದೇ ಇಲ್ಲ ಎಂದು ವಿಲಿಯಂ ಅವಳಿಗೆ ಹೇಳುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ. ಸೂರ್ಯ ಬರುತ್ತಾನೆಂದು ಅವರಿಗೂ ಗೊತ್ತು. ಅವಳ ಮಾತು ನಿಜವಾಗುವುದನ್ನು ಅವಳು ನೋಡಬಾರದು, ಅಷ್ಟೇ ಅವರಿಗೆ ಬೇಕಾದದ್ದು.

ಒಂದು ಗುಂಪು ನಾನು ಹೇಳದಿದ್ದರೂ 'ಸುಮ್ನ ನಿಂತವರು' ಎಂದು ಇನ್ನೊಂದು ವೃತ್ತ ಬರೆಯಿತು. ತಳ್ಳಿದವರಿಗೂ ನೋಡುತ್ತ ನಿಂತವರಿಗೂ ಒಂದೇ ಬಾಣ ಸಾಲದು ಎಂಬುದು ಅವರ ವಾದ. ತಳ್ಳಿದವರಿಗೆ ಮಾರ್ಗೋ ಮೇಲೆ ಸಿಟ್ಟು, ನಿಂತವರಿಗೆ ವಿಲಿಯಂನ ಅಂಜಿಕೆ. ಅಂದರೆ ಅವರ ಮುಖ್ಯ ಬಾಣ ಮಾರ್ಗೋ ಕಡೆಗೆ ಹೋಗುವುದೇ ಇಲ್ಲ.

ಶಿಕ್ಷಕಿಗೆ ಬಾಣವಿಲ್ಲ

ಏಳು ಹಾಳೆಗಳನ್ನು ಗೋಡೆಗೆ ಹಚ್ಚಿ ಎಲ್ಲರೂ ನೋಡಿಕೊಂಡು ಬರಲು ಹೇಳಿದೆ. ಹಾಗೆ ತಿರುಗುವಾಗ ಒಬ್ಬ ಹುಡುಗ ಗಮನಿಸಿದ: "ಟೀಚರಿಗೆ ಬಾಣಾನ ಇಲ್ರಿ ಸರ." ಹೌದು, ಏಳರಲ್ಲಿ ಐದು ಹಾಳೆಗಳಲ್ಲಿ ಶಿಕ್ಷಕಿಯ ವೃತ್ತವೇ ಇರಲಿಲ್ಲ. ಎರಡರಲ್ಲಿ ವೃತ್ತವಿತ್ತು, ಬಾಣವಿರಲಿಲ್ಲ. ನನ್ನ ಮಾದರಿ ಉತ್ತರದಲ್ಲೂ ಇರಲಿಲ್ಲ.

ಕಥೆಗೆ ಮರಳಿ ಹೋದೆವು. ಶಿಕ್ಷಕಿ ಒಳ್ಳೆಯವಳೇ. ಮಾರ್ಗೋ ಬರೆದ ಪದ್ಯವನ್ನು ಅವಳು ಬರೆದದ್ದಲ್ಲ ಎಂದು ವಿಲಿಯಂ ಅಂದಾಗ ಶಿಕ್ಷಕಿ ಗದರುತ್ತಾಳೆ. ಹೊರಡುವ ಮೊದಲು ಎಲ್ಲರೂ ಇದ್ದೀರಾ ಎಂದು ಕೇಳುತ್ತಾಳೆ, ಮಕ್ಕಳು ಹೌದು ಎನ್ನುತ್ತಾರೆ. ಅವಳು ಎಣಿಸುವುದಿಲ್ಲ. ವರ್ಷಗಳಿಂದ ಸೂರ್ಯನಿಗಾಗಿ ಕಾದಿದ್ದ ಒಂದೇ ಮಗು ಅಲ್ಲಿಲ್ಲ ಎಂದು ಅವಳಿಗೆ ಕಾಣುವುದಿಲ್ಲ. ಅವಳಿಗೂ ಬಿಸಿಲು ನೋಡುವ ಅವಸರ ಇದ್ದಿರಬಹುದು ಎಂದು ಮಕ್ಕಳೇ ಕಾರಣ ಕೊಟ್ಟರು. ಶಿಕ್ಷಕಿಯಿಂದ ಮಾರ್ಗೋಗೆ ಒಂದು ಗುಂಪು ತುಂಡು ತುಂಡು ಗೆರೆಯ ಬಾಣ ಎಳೆದು 'ಲೆಕ್ಕಕ್ಕ ಇಲ್ಲ' ಎಂದು ಬರೆಯಿತು.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ನಮ್ಮ ತರಗತಿಯಲ್ಲಿ ಮಂಗಳೂರಿನಿಂದ ಮರಳಿದ ಒಬ್ಬಳು ಹುಡುಗಿ ಇದ್ದಾಳೆ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಕುಟುಂಬಗಳಂತೆ ಅವಳ ತಂದೆತಾಯಿಯೂ ಕಟ್ಟಡ ಕೆಲಸಕ್ಕೆ ಹೋದವರು. ನಾಲ್ಕು ವರ್ಷ ಅಲ್ಲೇ ಓದಿ ಈ ವರ್ಷ ಇಲ್ಲಿಗೆ ಸೇರಿದಳು. ನಾವು 'ಐತಿ' ಅನ್ನುವ ಕಡೆ ಅವಳ ಬಾಯಲ್ಲಿ 'ಉಂಟು' ಬರುತ್ತದೆ. ತರಗತಿಯಲ್ಲಿ ಅವಳ ಹೆಸರೇ 'ಉಂಟು' ಆಗಿತ್ತು. ನಾನು ಹೋದ ಮೊದಲ ವಾರ, ಮಂಡಲ ಪೂರ್ಣವಾಗಿದೆಯೇ ಎಂದು ಕೇಳಿದ ಪ್ರಶ್ನೆಗೆ ಅವಳು "ಉಂಟು ಸರ್" ಎಂದಾಗ ಇಡೀ ತರಗತಿ ನಕ್ಕಿತು. ನಾನೂ ನಕ್ಕು, "ಇನ್ನೊಮ್ಮೆ ಹೇಳು" ಎಂದೆ. ತಮಾಷೆಗೆ ಅಂದದ್ದು. ಅದಾದ ಮೇಲೆ ಅವಳು ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ, ಮತ್ತು ಅವಳು ಕೈ ಎತ್ತುತ್ತಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ಗೋಡೆಯ ಮೇಲಿನ ಆ ತುಂಡು ಬಾಣ ನೋಡಿದಾಗ ಗಮನಕ್ಕೆ ಬಂತು.

ಇನ್ನೊಂದು ಸಂಗತಿಯೂ ಹೊಳೆಯಿತು. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸಿನಲ್ಲಿ ಮಳೆ. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು. ಬಿಸಿಲು ನಮ್ಮಲ್ಲಿ ಯಾರಿಗೂ ಬೇಡದ ವಸ್ತು. ದಿನಗಟ್ಟಲೆ ನಿಲ್ಲದೆ ಸುರಿಯುವ ಮಳೆಯನ್ನು ಕಂಡವಳು ಆ ತರಗತಿಯಲ್ಲಿ ಅವಳೊಬ್ಬಳೇ. ಶುಕ್ರದ ಶಾಲೆಯಲ್ಲಿ ಬಿಸಿಲು ನೆನಪಿರುವ ಹುಡುಗಿ ಹೇಗೋ, ನಮ್ಮ ಶಾಲೆಯಲ್ಲಿ ಮಳೆ ನೆನಪಿರುವ ಹುಡುಗಿ ಹಾಗೆ.

ಎರಡನೆಯ ಅವಧಿ: ಎರಡು ಮುಕ್ತಾಯಗಳು

ಮರುದಿನ ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ಚಿತ್ರದ ಆಯ್ದ ಭಾಗಗಳನ್ನೂ ಕೊನೆಯನ್ನೂ ತೋರಿಸಿದೆ. ಆರಂಭದಲ್ಲೇ, ವಾರಗಟ್ಟಲೆ ಮಳೆ ಎಂದರೆ ಹೇಗಿರುತ್ತದೆ ಎಂದು ಆ ಹುಡುಗಿಯನ್ನು ಕೇಳಿದೆ. ಎಲ್ಲರೆದುರು ಹೀಗೆ ಕೇಳುವುದು ಸರಿಯೋ ತಪ್ಪೋ ಎಂಬ ಅಳುಕಿತ್ತು, ಹಾಗಾಗಿ ಹಿಂದಿನ ಸಂಜೆಯೇ ಅವಳ ಒಪ್ಪಿಗೆ ಕೇಳಿದ್ದೆ. ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸಲು ಹಿಡಿಯುತ್ತದೆ, ತಗಡಿನ ಶೆಡ್ಡಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ ಎಂದಳು. ಮಕ್ಕಳು ಕಿವಿಗೊಟ್ಟರು. ಚಿತ್ರದಲ್ಲಿ ಮಳೆಯ ಸದ್ದು ಬಂದಾಗ ಎರಡು ಸಲ ಅವಳ ಕಡೆ ತಿರುಗಿ ನೋಡಿದರು.

ಚಿತ್ರದ ಮುಕ್ತಾಯವನ್ನು ಹೆಚ್ಚಿನ ಮಕ್ಕಳು ಮೆಚ್ಚಿದರು. ತಪ್ಪು ಮಾಡಿದವರು ಹೂ ಕೊಟ್ಟರು, ಮುಗಿಯಿತು. ಒಬ್ಬ ಮಾತ್ರ, ಹೂ ಕೊಟ್ಟರೆ ಬಿಸಿಲು ಕೊಟ್ಟಂಗ ಆಗಂಗಿಲ್ಲ ಎಂದ. ನನಗೂ ಕಥೆಯ ಮುಕ್ತಾಯವೇ ಪಾಠಕ್ಕೆ ಹೆಚ್ಚು ಒದಗುತ್ತದೆ ಅನಿಸಿತು. ಚಿತ್ರ ಉತ್ತರ ಕೊಡುತ್ತದೆ, ಕಥೆ ಬಾಗಿಲ ಮುಂದೆ ನಿಲ್ಲಿಸಿ ಹೋಗುತ್ತದೆ. ಆದ್ದರಿಂದ ಕೊನೆಯ ಚಟುವಟಿಕೆ ಹೀಗಿಟ್ಟೆ: ಬಾಗಿಲು ತೆರೆದ ಮೇಲೆ ಮೊದಲು ಮಾತಾಡುವವರು ಯಾರು, ಏನನ್ನುತ್ತಾರೆ? ಒಂದೇ ವಾಕ್ಯ, ಹೆಸರು ಬರೆಯಬೇಕಿಲ್ಲ.

ಇಪ್ಪತ್ತಕ್ಕೂ ಹೆಚ್ಚು ಚೀಟಿಗಳಲ್ಲಿ ವಿಲಿಯಂ "ಸಾರಿ" ಅಥವಾ "ತಪ್ಪಾತು" ಎನ್ನುತ್ತಾನೆ. ಒಂದರಲ್ಲಿ ಶಿಕ್ಷಕಿ, "ನಾ ಎಣಿಸಬೇಕಿತ್ತು" ಎನ್ನುತ್ತಾಳೆ. ಇನ್ನೊಂದರಲ್ಲಿ ಮಾರ್ಗೋನೇ ಮೊದಲು ಕೇಳುತ್ತಾಳೆ: "ಬಿಸಲ ಹೆಂಗಿತ್ತು?" ಈಗ ನೆನಪು ಅವರದ್ದಾಗಿದೆ, ಕೇಳುವ ಸರದಿ ಅವಳದು. ಬಾಣಗಳೆಲ್ಲ ತಿರುಗಿಬಿಟ್ಟಿವೆ. ಎಂಟನೇ ತರಗತಿಯ ಮಗು ಇದನ್ನು ಬರೆದದ್ದು ನನಗೆ ಈಗಲೂ ಆಶ್ಚರ್ಯ.

ಮತ್ತೊಂದು ಚೀಟಿಯಲ್ಲಿ ಮಾರ್ಗೋ ಹೇಳುತ್ತಾಳೆ: "ನಾನು ಹೇಳಿದ್ದು ಖರೆ ಉಂಟಲ್ಲ?" ಹೆಸರಿಲ್ಲದಿದ್ದರೂ ಬರೆದವರು ಯಾರೆಂದು ಎಲ್ಲರಿಗೂ ಗೊತ್ತಾಗುವಂತಿತ್ತು. ಓದಬೇಕೋ ಬಿಡಬೇಕೋ ಎಂದು ಕ್ಷಣ ತಡೆದೆ. ಬಿಟ್ಟರೆ ಅವಳನ್ನು ಮತ್ತೆ ಎಣಿಸದೆ ಹೋದಂತೆ. ಇದ್ದಂತೆಯೇ ಓದಿ ಹಲಗೆಯ ಮೇಲೆ ಬರೆದೆ. ಇಬ್ಬರು ಕಿಸಕ್ಕೆಂದರು. ಉಳಿದವರು ನಗಲಿಲ್ಲ. 'ಖರೆ' ನಮ್ಮದು, 'ಉಂಟು' ಕರಾವಳಿಯದು, ಎರಡೂ ಕನ್ನಡ ಎಂದಷ್ಟೇ ಹೇಳಿ, ಅವಳಿಗೆ ನಾನು ಅಂದು ನಕ್ಕದ್ದು ತಪ್ಪು ಎಂದೂ ಸೇರಿಸಿದೆ. ಅವಳು ತಲೆ ತಗ್ಗಿಸಿದಳು. ಆ ವಾರದ ಕೊನೆಗೆ, ಆವಿಯಾಗುವಿಕೆಯ ಪ್ರಶ್ನೆಗೆ ಕೈ ಎತ್ತಿದಳು. ಅಡ್ಡಹೆಸರು ಪೂರ್ತಿ ನಿಂತಿಲ್ಲ, ಆಟದ ಬಯಲಿನಲ್ಲಿ ಇನ್ನೂ ಕೇಳಿದ್ದೇನೆ.

ಗಂಗಾವತಿ ಕಡೆಯ ಅನುಭವ

ಇದೇ ಪಾಠವನ್ನು ನಮ್ಮ ತಂಡದ ಗೆಳತಿಯೊಬ್ಬಳು ಗಂಗಾವತಿ ತಾಲ್ಲೂಕಿನ ಶಾಲೆಯಲ್ಲಿ ಮಾಡಿದಳು. ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶ. ಭತ್ತದ ನಾಟಿಗೆ ಒಣಭೂಮಿ ತಾಲ್ಲೂಕುಗಳಿಂದ ಕೂಲಿಯವರು ಬರುತ್ತಾರೆ. ಅಲ್ಲಿ ಮಕ್ಕಳು ಮಾರ್ಗೋ ಎಂದು ಗುರುತಿಸಿದ್ದು ನಾಟಿಯ ಹಂಗಾಮಿನಲ್ಲಿ ಬಂದು ಸೇರಿ ಮತ್ತೆ ಹೊರಟುಹೋಗುವ ಮಕ್ಕಳನ್ನು. ಒಂದೇ ಕಥೆ, ತಾಲ್ಲೂಕು ಬದಲಾದರೆ ಬಾಣದ ತುದಿ ಬೇರೆಯವರ ಮೇಲೆ ಬೀಳುತ್ತದೆ.

ಲೋಪಗಳು ಮತ್ತು ಸಲಹೆಗಳು

ಎರಡನೆಯ ಅವಧಿ ಹತ್ತು ನಿಮಿಷ ಮೀರಿತು. ಮಾರ್ಗದರ್ಶಕರ ಟಿಪ್ಪಣಿಯಂತೆ ವಿಜ್ಞಾನದ ಕಲಿಕಾ ಫಲ ಮತ್ತು ಭಾಷೆಯ ಕಲಿಕಾ ಫಲ ಯೋಜನೆಯಲ್ಲಿ ಬೆರೆತುಹೋಗಿದ್ದವು. ಮುಂದೆ ಈ ಬಗೆಯ ಪಾಠ ಮಾಡುವವರಿಗೆ ನನ್ನ ಸಲಹೆಗಳು:

1. ಕಂತು ಚಿಕ್ಕದಿರಲಿ, ಪಾತ್ರಗಳು ಐದನ್ನು ಮೀರದಿರಲಿ.
2. ವೈಜ್ಞಾನಿಕ ತಪ್ಪುಗಳನ್ನು ಮೊದಲೇ ಹೇಳಿ. ಕೊನೆಗೆ ಹೇಳಿದರೆ ಕಥೆಯೆಲ್ಲ ಸುಳ್ಳು ಎಂಬ ಭಾವನೆ ಉಳಿಯುತ್ತದೆ.
3. ಗುಣವಾಚಕ ಬೇಡ, ಬಾಣ ಬೇಕು. ಬಾಣಕ್ಕೆ ಸಾಕ್ಷಿ ಬೇಕು.
4. ನಕ್ಷೆಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಿ. ನಾನು ಕೇಳಿರಲಿಲ್ಲ, ಒಬ್ಬ ವಿದ್ಯಾರ್ಥಿ ನನ್ನ ಪರವಾಗಿ ಕೇಳಿದ.
5. ತರಗತಿಯ ಯಾವ ಮಗುವನ್ನೂ 'ಇವಳೇ ಮಾರ್ಗೋ' ಎಂದು ತೋರಿಸಬೇಡಿ. ಮಕ್ಕಳಿಗೆ ಅದು ತಾನಾಗಿ ತಿಳಿಯುತ್ತದೆ.

ಈಗ ಪ್ರಯೋಗಾಲಯಕ್ಕೋ ಬಯಲಿಗೋ ಮಕ್ಕಳನ್ನು ಕರೆದೊಯ್ಯುವಾಗ ಎಲ್ಲರೂ ಬಂದಿರಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಮೂವತ್ತೆಂಟನ್ನೂ ಎಣಿಸುತ್ತೇನೆ. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.