ಉಸಿರಿನ ಲೆಕ್ಕ ನಾವೇ ಬರೆಯೋಣ

ಹಾಲಿನ ಲೆಕ್ಕ ನಾವು ಬರೆಯುತ್ತೇವೆ. ಸಂಘದ ಉಳಿತಾಯದ ಲೆಕ್ಕ ಬರೆಯುತ್ತೇವೆ. ಅಡಿಕೆ ಸುಲಿದ ಕೂಲಿಯ ಲೆಕ್ಕವನ್ನೂ ಬರೆಯುತ್ತೇವೆ. ಉಸಿರಿಗೂ ಒಂದು ಲೆಕ್ಕ ಇದೆ. ಅದನ್ನು ಈ ಪಾಠದಲ್ಲಿ ಕಲಿಯೋಣ.

ಹೊಸ ಪದಗಳನ್ನು ಓದಿ:
ಉಬ್ಬಸ – ಶ್ವಾಸಕೋಶ – ಹತೋಟಿ – ಪ್ರಶ್ನಾವಳಿ – ಆರೈಕೆ ಚೀಟಿ

ಉಬ್ಬಸ ಎಂದರೇನು?

ಉಬ್ಬಸಕ್ಕೆ ದಮ್ಮು ಅಂತಲೂ ಹೇಳುತ್ತೇವೆ. ಡಾಕ್ಟರು ಅಸ್ತಮಾ ಅನ್ನುತ್ತಾರೆ. ನಾವು ಎಳೆದ ಗಾಳಿ ಸಣ್ಣ ಸಣ್ಣ ಕೊಳವೆಗಳ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಉಬ್ಬಸ ಇದ್ದವರಲ್ಲಿ ಈ ಕೊಳವೆಗಳು ಒಳಗೆ ಬಾತುಕೊಳ್ಳುತ್ತವೆ. ಕಫ ತುಂಬುತ್ತದೆ. ದಾರಿ ಕಿರಿದಾಗುತ್ತದೆ. ಆಗ ಎದೆ ಬಿಗಿಯುತ್ತದೆ. ಕೆಮ್ಮು ಬರುತ್ತದೆ. ಉಸಿರು ಬಿಟ್ಟರೆ ಸುಂಯ್ ಎಂದು ಸದ್ದಾಗುತ್ತದೆ.

ಇದು ಅಂಟುರೋಗ ಅಲ್ಲ. ಯಾರ ಶಾಪವೂ ಅಲ್ಲ. ಇದನ್ನು ಬೇರು ಸಹಿತ ಕೀಳುವ ಔಷಧಿ ಇಲ್ಲ. ಆದರೆ ಹತೋಟಿಯಲ್ಲಿ ಇಟ್ಟುಕೊಂಡರೆ ಮನೆ ಕೆಲಸ, ತೋಟದ ಕೆಲಸ ಎಲ್ಲವನ್ನೂ ಮಾಡಬಹುದು.

ನಮ್ಮ ಕಡೆ ಉಬ್ಬಸ ಏಕೆ ಕೆರಳುತ್ತದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಮಳೆಯ ಸೀಮೆ. ಹುಲಿಕಲ್, ಆಗುಂಬೆಯ ಮಳೆ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಗೋಡೆಗೆ, ಹಾಸಿಗೆಗೆ, ಕಂಬಳಿಗೆ ಬೂಷ್ಟು ಹಿಡಿಯುತ್ತದೆ. ಅಡಿಗೆ ಒಲೆ, ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಹೊಗೆಯಾಡುತ್ತವೆ. ಒಣ ಹುಲ್ಲು, ದರಗು, ಒಣಗಿದ ಅಡಿಕೆ ಮುಟ್ಟಿದರೆ ಧೂಳು ಏಳುತ್ತದೆ. ಬೀಡಿ ಸೇದುವವರ ಹೊಗೆ ಪಕ್ಕದಲ್ಲಿ ಕೂತವರಿಗೂ ಹೋಗುತ್ತದೆ. ಒಲೆಯ ಮುಂದೆ ಹೆಚ್ಚು ಹೊತ್ತು ಇರುವವರು ಹೆಂಗಸರೇ ಅಲ್ಲವೇ?

ಆಶಾ ಕಾರ್ಯಕರ್ತೆಯ ಪ್ರಶ್ನೆಗಳು

30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಪ್ರಶ್ನಾವಳಿ ತರುತ್ತಾರೆ. ಉಸಿರಾಟಕ್ಕೆ ತೊಂದರೆ ಇದೆಯೇ? ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ? ಅಡಿಗೆಗೆ ಏನು ಉರಿಸುತ್ತೀರಿ? ಇಂಥ ಪ್ರಶ್ನೆಗಳು ಅದರಲ್ಲಿ ಇವೆ.

ಸೌದೆ ಸುದ್ದಿ ಇವರಿಗೆ ಯಾಕಪ್ಪಾ ಅಂದುಕೊಳ್ಳಬೇಡಿ. ಹೊಗೆಗೂ ಉಸಿರಿಗೂ ಸಂಬಂಧ ಇದೆ. ಅಡಿಗೆಗೆ ಗ್ಯಾಸ್ ಇದ್ದರೂ ಬಚ್ಚಲಿಗೆ ಸೌದೆ ಉರಿಸಿದರೆ ಅದನ್ನೂ ಹೇಳಿ. ಎರಡು ವಾರ ದಾಟಿದ ಕೆಮ್ಮು ಕ್ಷಯವೂ ಆಗಿರಬಹುದು. ಕಫ ಪರೀಕ್ಷೆ ಮಾಡಿಸಬೇಕು.

ನಾಲ್ಕು ಪ್ರಶ್ನೆಗಳು

ಉಬ್ಬಸ ಹತೋಟಿಯಲ್ಲಿ ಇದೆಯೇ ಎಂದು ತಿಳಿಯಲು ಡಾಕ್ಟರು ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ.

1. ಹಗಲಿನಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಉಬ್ಬಸ ಬಂತೇ?
2. ಉಬ್ಬಸದಿಂದ ರಾತ್ರಿ ಎಚ್ಚರ ಆಯಿತೇ?
3. ತಕ್ಷಣ ಆರಾಮ ಕೊಡುವ ಪಂಪನ್ನು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಎಳೆದಿರಾ?
4. ಉಬ್ಬಸದಿಂದ ಯಾವುದಾದರೂ ಕೆಲಸ ನಿಂತಿತೇ?

ನಾಲ್ಕಕ್ಕೂ 'ಇಲ್ಲ' ಎಂದರೆ ಹತೋಟಿಯಲ್ಲಿ ಇದೆ. ಒಂದೆರಡು 'ಹೌದು' ಇದ್ದರೆ ಅರ್ಧ ಹತೋಟಿ. ಮೂರು ನಾಲ್ಕು 'ಹೌದು' ಇದ್ದರೆ ಹತೋಟಿ ತಪ್ಪಿದೆ.

ಈ ಮಾತುಕತೆ ಓದಿ:

ಸಿಸ್ಟರ್: ಹೇಗಿದೀರಿ ಅಮ್ಮಾ?
ಅಮ್ಮ: ಆರಾಮಿದೀನಿ ಸಿಸ್ಟರ್.
ಸಿಸ್ಟರ್: ರಾತ್ರಿ ಎಚ್ಚರ ಆಗ್ತದಾ?
ಅಮ್ಮ: ವಾರಕ್ಕೆ ಎರಡು ಸಲ ಎದ್ದು ಕೂರ್ತೀನಿ. ಅದು ಯಾವಾಗ್ಲೂ ಇದ್ದಿದ್ದೇ.
ಸಿಸ್ಟರ್: ನೀರು ತರೋದು?
ಅಮ್ಮ: ಕೊಡ ಹೊತ್ತು ದರೆ ಹತ್ತೋಕೆ ಆಗಲ್ಲ. ಮಗಳು ತರ್ತಾಳೆ.
ಸಿಸ್ಟರ್: ಪಂಪು?
ಅಮ್ಮ: ದಿನಾ ಒಂದು ಸಲ ಎಳೀತೀನಿ.
ಸಿಸ್ಟರ್: ಹಂಗಾದ್ರೆ ಆರಾಮಿಲ್ಲ ಅಮ್ಮಾ!

ನೋಡಿ. ಮೂರು 'ಹೌದು' ಇದ್ದವು. 'ಆರಾಮಿದೀನಿ' ಎಂಬ ಒಂದು ಮಾತು ಮೂರನ್ನೂ ಮುಚ್ಚಿತ್ತು. ಆರಾಮ ಎಂದು ಬರೆದುಕೊಂಡರೆ ಡಾಕ್ಟರು ಔಷಧಿ ಬದಲಾಯಿಸುವುದಿಲ್ಲ. ಮಗಳ ಶಾಲೆಯ ಹೊತ್ತು ನೀರು ಹೊರುವುದರಲ್ಲೇ ಹೋಗುತ್ತದೆ.

ನಮ್ಮ ಪರವಾಗಿ ಗಂಡನೋ ಮಗನೋ ಉತ್ತರ ಹೇಳುವುದು ಬೇಡ. ರಾತ್ರಿ ಎದ್ದು ಕೂತವರಿಗೇ ಅದು ಗೊತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಾತ್ರಿ ಎಚ್ಚರವಾದರೆ 'ರಾ' ಎಂದು ಬರೆಯಿರಿ. ಪಂಪು ಎಳೆದರೆ 'ಪಂ' ಎಂದು ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗಿ.

ಎರಡು ಬಗೆಯ ಪಂಪು

ಒಂದು ದಿನವೂ ಎಳೆಯುವ ಪಂಪು. ಇದು ಕೊಳವೆಯ ಬಾವು ಇಳಿಸುತ್ತದೆ. ಆರಾಮ ಇದ್ದರೂ ಬಿಡಬಾರದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇನ್ನೊಂದು ದಮ್ಮು ಬಂದಾಗ ಎಳೆಯುವ ಪಂಪು. ಇದು ಬಿಗಿದ ಕೊಳವೆಯನ್ನು ಬೇಗ ಸಡಿಲಿಸುತ್ತದೆ. ಕೆಲವರಿಗೆ ಡಾಕ್ಟರು ಎರಡಕ್ಕೂ ಒಂದೇ ಪಂಪು ಕೊಡುತ್ತಾರೆ.

ಪಂಪು ಎಳೆದರೆ ಚಟ ಆಗ್ತದೆ ಎನ್ನುವವರು ಇದ್ದಾರೆ. ಅದು ಸುಳ್ಳು. ಬಣ್ಣ ನೋಡಿ ಪಂಪು ಗುರುತಿಸಬೇಡಿ. ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು. 'ದಿನಾ', 'ದಮ್ಮು ಬಂದಾಗ' ಎಂದು ಕನ್ನಡದಲ್ಲಿ ಬರೆದು ಅಂಟಿಸಲು ಸಿಸ್ಟರಿಗೆ ಹೇಳಿ. ಇಲ್ಲವೇ ಅವರನ್ನು ಕೇಳಿ ನಾವೇ ಬರೆದು ಅಂಟಿಸೋಣ. ಈಗ ನಮಗೆ ಬರೆಯಲು ಬರುತ್ತದೆ.

ಆರೈಕೆ ಚೀಟಿ

ಯಾವಾಗ ಏನು ಮಾಡಬೇಕು ಎಂದು ಡಾಕ್ಟರು ಬರೆದುಕೊಡುವುದೇ ಆರೈಕೆ ಚೀಟಿ. ಕೊಡದಿದ್ದರೆ ಕೇಳಿ ಪಡೆಯಿರಿ. ಅದರಲ್ಲಿ ಮೂರು ಭಾಗ ಇರುತ್ತದೆ.

ಹಸಿರು: ಉಸಿರು ಸಲೀಸು. ನಿದ್ದೆ ಚೆನ್ನಾಗಿದೆ. ದಿನದ ಔಷಧಿ ಮುಂದುವರಿಸಿ.

ಹಳದಿ: ಕೆಮ್ಮು ಜಾಸ್ತಿ. ರಾತ್ರಿ ಎಚ್ಚರ ಆಗುತ್ತದೆ. ಚೀಟಿಯಲ್ಲಿ ಬರೆದಷ್ಟು ಔಷಧಿ ಹೆಚ್ಚಿಸಿ. ಬೇಗ ಡಾಕ್ಟರಿಗೆ ತೋರಿಸಿ.

ಕೆಂಪು: ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದು. ಪಂಪು ಎಳೆದರೂ ಇಳಿಯುತ್ತಿಲ್ಲ. ತುಟಿ ನೀಲಿಯಾಗುತ್ತಿದೆ. ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ರೋಗಿಯನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಚೀಟಿಯಲ್ಲಿ ಬರೆದಂತೆ ಪಂಪು ಕೊಡುತ್ತಾ ಇರಿ.

ನಮ್ಮ ಮನೆಗಳು ಒಂಟಿ ಮನೆಗಳು. ಮಳೆಗಾಲದಲ್ಲಿ ಫೋನಿಗೆ ಸಿಗ್ನಲ್ ಸಿಗದೇ ಹೋಗಬಹುದು. ಯಾರ ಮನೆಯ ಗಾಡಿ ಕರೆಯಬೇಕು ಎಂದು ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಆ ಫೋನ್ ನಂಬರನ್ನು ಚೀಟಿಯ ಹಿಂದೆ ದೊಡ್ಡದಾಗಿ ಬರೆಯಿರಿ. ಚೀಟಿಯನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿ. ನಮಗೆ ಮಾತಾಡಲು ಆಗದ ಹೊತ್ತಿನಲ್ಲಿ ಮನೆಯವರು ಅದನ್ನು ಓದಬೇಕು.

ಅಭ್ಯಾಸ

1. ನಾಲ್ಕು ಪ್ರಶ್ನೆಗಳನ್ನು ಮನೆಯಲ್ಲಿ ಉಬ್ಬಸ ಇರುವವರಿಗೆ ಓದಿ ಹೇಳಿ. ಉತ್ತರ ಬರೆದುಕೊಳ್ಳಿ.
2. ಬಿಟ್ಟ ಜಾಗ ತುಂಬಿ: ತುಟಿ ನೀಲಿಯಾದರೆ ______ಕ್ಕೆ ಫೋನ್ ಮಾಡಬೇಕು.
3. ಸರಿಯೋ ತಪ್ಪೋ ಹೇಳಿ: ಆರಾಮ ಇದ್ದರೆ ದಿನದ ಪಂಪು ಬಿಡಬಹುದು.
4. ನಿಮ್ಮ ಮನೆಯಲ್ಲಿ ಹೊಗೆ ಎಲ್ಲಿಂದ ಬರುತ್ತದೆ? ಅದನ್ನು ಕಡಿಮೆ ಮಾಡುವುದು ಹೇಗೆ? ಎಲ್ಲರೂ ಕೂಡಿ ಚರ್ಚೆ ಮಾಡಿ.