ನುಸಿ ಬಿದ್ದ ಜೋಳ ಎಮ್ಮೆಗೆ ಹಾಕಬಹುದೇ?



ಮುಂಗಾರು ಶುರುವಾಗಿ ಹದಿನೈದು ದಿನ ಕಳೆಯುವುದೇ ತಡ, ಗುರುಮಠಕಲ್ ಭಾಗದ ಸಂಘಗಳಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ. “ಡಾಕ್ಟ್ರೇ, ಜ್ವಾಳಾಗ ನುಸಿ ಬಿದ್ದಾವ್ರಿ. ರೊಟ್ಟಿ ಕಹಿ ಹತ್ತಕತ್ಯಾವ. ಎಮ್ಮಿಗಿ ಹಾಕಿದ್ರ ನಡೀತದೇನ್ರಿ?” ಮಾಗಿಯಲ್ಲಿ ಬೆಳೆದ ಕಾಳನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಮನೆಯವರು ತಿನ್ನದ್ದು ದನದ ಗೋದಲಿಗೆ ಹೋಗುವುದು ನಮ್ಮಲ್ಲಿ ರೂಢಿ. ಹಾಕಬಹುದು, ಆದರೆ ಎಲ್ಲ ಕಾಳನ್ನೂ ಅಲ್ಲ, ಒಮ್ಮೆಲೇ ಅಂತೂ ಅಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಬೆಳಗಿನ ಐದಕ್ಕೆ ಒಂದು ಫೋನು ಬಂತು. ಹೋಗಿ ನೋಡಿದರೆ ಐದು ಲೀಟರ್ ಹಾಲು ಕೊಡುತ್ತಿದ್ದ ಎಮ್ಮೆ ನೆಲಕ್ಕೆ ಬಿದ್ದಿತ್ತು. ಮೆಲುಕಿಲ್ಲ, ಹಲ್ಲು ಕಡಿಯುತ್ತಿದೆ, ನೀರಿನಂಥ ಸಗಣಿಯಲ್ಲಿ ಹುಳಿ ವಾಸನೆ. ಎಡಗಡೆಯ ಹೊಟ್ಟೆ ಒತ್ತಿದರೆ ಒಳಗೆ ನೀರು ಕುಲುಕಿದ ಸದ್ದು. “ಹುಳದ ವಿಷ ಏರ್‍ಯಾದ್ರಿ” ಎಂದು ಆ ತಾಯಿ ಅಳುತ್ತಿದ್ದರು. ಹಿಂದಿನ ದಿನ ನುಸಿ ಬಿದ್ದ ಜೋಳವನ್ನು ಗಿರಣಿಗೆ ಹಾಕಿಸಿ, ಆರೇಳು ಕಿಲೋ ಹಿಟ್ಟು ಒಂದೇ ಹೊತ್ತಿಗೆ ಕಲಸಿ ಇಟ್ಟಿದ್ದರಂತೆ.

ಎಮ್ಮೆಯನ್ನು ಕೆಡವಿದ್ದು ಹುಳವಲ್ಲ, ಹಿಟ್ಟು. ಕಣಿಕೆ, ಹುಲ್ಲು ಜೀರ್ಣಿಸಿ ರೂಢಿಯಾದ ಹೊಟ್ಟೆಗೆ ಏಕಾಏಕಿ ಅಷ್ಟು ಪಿಷ್ಟ ಬಿದ್ದರೆ ಅದು ಹುದುಗಿ ಆಮ್ಲವಾಗುತ್ತದೆ. ಆ ಆಮ್ಲ ರಕ್ತಕ್ಕೂ ಇಳಿಯುತ್ತದೆ. ಒಂದು ದಿನ ತಡವಾದರೂ ಜೀವ ಹೋಗಬಹುದು. ಆ ಎಮ್ಮೆ ಉಳಿಯಿತು, ಆದರೆ ಆ ಸೂಲಿನ ಹಾಲು ಮತ್ತೆ ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಇಂಥ ಲಕ್ಷಣ ಕಂಡರೆ ಕಾಳು, ಹಿಟ್ಟು, ಹಿಂಡಿ ಕೂಡಲೇ ನಿಲ್ಲಿಸಿ. ಒಣ ಕಣಿಕೆ ಮಾತ್ರ ಮುಂದಿಡಿ. ಗೊಟ್ಟದಲ್ಲಿ ಎಣ್ಣೆ ಹೊಯ್ಯುತ್ತ ಕೂರಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ. ಹತ್ತಿರದ ಪಶು ವೈದ್ಯರಿಗೆ ಇಲ್ಲವೇ 1962ಕ್ಕೆ ಫೋನು ಮಾಡಿ.

ಹಾಗಾದರೆ ಯಾವ ಕಾಳು ಹಾಕಬಹುದು? ಬರೀ ನುಸಿ ಬಿದ್ದದ್ದು, ತೇವವಿಲ್ಲದ್ದು, ವಾಸನೆ ಕೆಡದ್ದು. ಜರಡಿ ಹಿಡಿದು, ಬಿಸಿಲಿಗೆ ಹಾಕಿ, ನುಚ್ಚಿನಂತೆ ತರಿ ಒಡೆಸಿ. ಇಡೀ ಕಾಳು ಸಗಣಿಯಲ್ಲಿ ಹಾಗೇ ಹೊರಬರುತ್ತದೆ, ನುಣ್ಣನೆಯ ಹಿಟ್ಟು ಬೇಗ ಹುಳಿಯಾಗುತ್ತದೆ. ದಿನಕ್ಕೆ ಅರ್ಧ ಕಿಲೋದಿಂದ ಶುರುಮಾಡಿ, ಎಂಟು ಹತ್ತು ದಿನದಲ್ಲಿ ಒಂದು ಕಿಲೋಗೆ ಏರಿಸಿದರೆ ಸಾಕು. ಎಷ್ಟು ಜೋಳ ಹಾಕುತ್ತೀರೋ ಅಷ್ಟು ಪಶು ಆಹಾರ ಕಡಿಮೆ ಮಾಡಿ, ಅದರ ಮೇಲೆ ಹೆಚ್ಚುವರಿಯಾಗಿ ಬೇಡ. ಜರಡಿಯಲ್ಲಿ ಇಳಿದ ಹುಳ ಕೋಳಿಗೆ ಹಾಕಿ, ಅವಕ್ಕೆ ಹಬ್ಬ.

ಬೂಷ್ಟು ಹಿಡಿದ ಕಾಳಿನ ಮಾತೇ ಬೇರೆ. ಸಂಜೆ ದೀಪದ ಸುತ್ತ ಹಾರುವ ಬೂದು ಬಣ್ಣದ ಸಣ್ಣ ಪತಂಗ ನೀವು ನೋಡಿರುತ್ತೀರಿ. ಅದು ತಾನೇ ಕಾಳು ತಿನ್ನುವುದಿಲ್ಲ. ಅದರ ಮರಿಹುಳ ನುಚ್ಚು, ತೌಡು, ಶೇಂಗಾ ಹಿಂಡಿ, ಬಿಚ್ಚಿಟ್ಟ ಪಶು ಆಹಾರದಲ್ಲಿ ಜೇಡರ ಬಲೆಯಂತೆ ನೂಲು ಕಟ್ಟಿ ಉಂಡೆ ಮಾಡುತ್ತದೆ. ಹುಳಗಳೂ ಉಸಿರಾಡುತ್ತವೆ. ಆ ಉಸಿರಿನಿಂದ ಚೀಲದೊಳಗೆ ಬಿಸಿ ಮತ್ತು ತೇವ ಸೇರುತ್ತದೆ. ತುಂಬಾ ಹುಳ ಬಿದ್ದ ಚೀಲದ ನಡುವೆ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ಹುಳ ಕೊರೆದ ತೂತು, ಆ ಬಿಸಿ, ಆ ತೇವ ಇಷ್ಟು ಸಿಕ್ಕರೆ ಬೂಷ್ಟು ಬೆಳೆಯಲು ಮತ್ತೇನೂ ಬೇಡ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಇದು ಪತ್ತೆಯಾದದ್ದೇ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು.

ನಮ್ಮ ದನಕ್ಕೆ ಇದರಿಂದ ಮೇವು ಸೇರದಿರುವುದು, ಹಾಲು ಇಳಿಯುವುದು, ಯಕೃತ್ತು ಕೆಡುವುದು ಎಲ್ಲ ಉಂಟು. ಅದಕ್ಕಿಂತ ದೊಡ್ಡ ಸಂಗತಿ, ತಿಂದ ವಿಷದ ಒಂದು ಪಾಲು ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ಡೈರಿಯ ಪಾಶ್ಚರೀಕರಣದಲ್ಲೂ ಹೋಗುವುದಿಲ್ಲ. ಹಾಲಿನಲ್ಲಿ ಇದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಂದರೆ ಒಂದು ಗ್ರಾಂನ 20 ಲಕ್ಷದ ಒಂದು ಪಾಲು. ಸಂಘಕ್ಕೆ ಹಾಕುವ ಮೊದಲು ಆ ಹಾಲು ಕುಡಿಯುವವರು ನಿಮ್ಮ ಮನೆಯ ಮಕ್ಕಳೇ. ಸಮಾಧಾನದ ಮಾತೆಂದರೆ, ಕೆಟ್ಟ ಮೇವು ನಿಲ್ಲಿಸಿದ ಮೂರು ನಾಲ್ಕು ದಿನದಲ್ಲಿ ಹಾಲು ಬಹುತೇಕ ಶುದ್ಧವಾಗುತ್ತದೆ. ಆದ್ದರಿಂದ ಉಂಡೆಗಟ್ಟಿದ್ದು, ಹಸಿರು ಕಪ್ಪು ಬಣ್ಣಕ್ಕೆ ತಿರುಗಿದ್ದು, ಮುಗ್ಗಲು ವಾಸನೆಯದ್ದು ತಿಪ್ಪೆಗೆ ಹೋಗಲಿ. ತೊಳೆದು, ಒಣಗಿಸಿ, ಒಳ್ಳೆಯದರ ಜೊತೆ ಬೆರೆಸಿ ಹಾಕುವ ಉಪಾಯ ಬೇಡ. ಇದನ್ನು ಕೋಳಿಗೂ ಹಾಕಬೇಡಿ.

ಇನ್ನು ಗುಳಿಗೆ. ಜೋಳದ ಚೀಲದಲ್ಲಿ ಬಟ್ಟೆಗೆ ಸುತ್ತಿ ಇಡುವ ಆ ಬೂದು ಗುಳಿಗೆಯ ಬಗ್ಗೆ ನಾನು ಮೆತ್ತಗೆ ಮಾತಾಡಲಾರೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಮನೆಬಳಕೆಗೆ ಅದನ್ನು ಮಾರಲು ಕಾನೂನಿನಲ್ಲಿ ಅವಕಾಶವೂ ಇಲ್ಲ. ಗೋದಾಮುಗಳಲ್ಲಿ ತಿಳಿದವರು ತಾಡಪಾಲು ಮುಚ್ಚಿ, ಜನರನ್ನು ದೂರವಿಟ್ಟು ಬಳಸುವ ವಸ್ತು ಅದು. ನಮ್ಮ ಮನೆಗಳಲ್ಲೋ ಕಾಳಿನ ಚೀಲ, ಮಲಗುವ ಜಾಗ, ದನ ಕಟ್ಟುವ ಅಂಕಣ ಎಲ್ಲ ಒಂದೇ ಸೂರಿನಡಿ ಇವೆ. ಚೀಲದಿಂದ ಹೊರಬಿದ್ದ ಗಾಳಿ ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗುತ್ತದೆ. ಈಗಾಗಲೇ ಇಟ್ಟಿದ್ದರೆ ಬರಿಗೈಯಿಂದ ಮುಟ್ಟಬೇಡಿ, ನೀರು ಹಾಕಬೇಡಿ. ಬಾಗಿಲು ತೆರೆದು, ಮಕ್ಕಳನ್ನೂ ದನಗಳನ್ನೂ ಹೊರಗೆ ಕಳಿಸಿ, ರೈತ ಸಂಪರ್ಕ ಕೇಂದ್ರದವರನ್ನು ಕೇಳಿ. ಆ ಕಾಳು, ಅದರ ಧೂಳು ಗೋದಲಿಗೆ ಬೇಡ. ಹುಳದ ಪುಡಿ ಹಚ್ಚಿದ ಬಿತ್ತನೆ ಬೀಜಕ್ಕೂ ಇದೇ ಮಾತು.

ಗುಳಿಗೆ ಬೇಡವೆಂದರೆ ಮತ್ತೇನು ಎನ್ನುತ್ತೀರಿ. ಮೊದಲ ಕೆಲಸ ಒಣಗಿಸುವುದು. ಕಾಳು ಹಲ್ಲಿಗೆ ಕಟ್ ಎಂದು ಮುರಿಯಬೇಕು, ಮೆತ್ತಗೆ ಒತ್ತಿಕೊಂಡರೆ ಇನ್ನೂ ಬಿಸಿಲು ಬೇಕು. ಒಣಗಿದ್ದನ್ನು ಬಿಸಿಬಿಸಿಯಾಗಿ ಚೀಲಕ್ಕೆ ತುಂಬಬೇಡಿ. ಬಹಳ ಜನ ತಪ್ಪುವುದು ಇಲ್ಲೇ. ಬಿಸಿ ಕಾಳು ಚೀಲದೊಳಗೆ ಬೆವರಿ ಬೂಷ್ಟಿಗೆ ದಾರಿಯಾಗುತ್ತದೆ. ಸಂಜೆ ನೆರಳಲ್ಲಿ ಆರಲು ಬಿಟ್ಟು ತುಂಬಿ. ತೊಗರಿಯ ಹುಳ ಇಡಿ ಕಾಳಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ ಇಡುತ್ತದೆ. ಬೇಳೆ ಮಾಡಿಟ್ಟರೆ ಅದರ ಕಾಟ ಬಹಳ ಕಡಿಮೆ. ಇಡಿ ಕಾಳೇ ಇಡುವುದಾದರೆ ಕಿಲೋಗೆ ಒಂದು ಸಣ್ಣ ಚಮಚ ಅಡುಗೆ ಎಣ್ಣೆ ಸವರಿ. ಒಲೆಯ ಬೂದಿ ಬೆರೆಸುವ ಹಳೆಯ ಪದ್ಧತಿಯೂ ಸರಿಯೇ. ಬೂದಿ ಹುಳದ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆದು ಅದನ್ನು ಒಣಗಿಸುತ್ತದೆ. ಮೂರು ಪದರದ, ಗಾಳಿಯಾಡದ ಚೀಲಗಳೂ ಈಗ ಸಿಗುತ್ತವೆ. ಬಾಯಿ ಬಿಗಿದು ಕಟ್ಟಿದರೆ ಒಳಗಿನ ಹುಳ ಆಮ್ಲಜನಕ ಮುಗಿದು ಸಾಯುತ್ತದೆ. ಆದರೆ ಇಲಿ ಕಚ್ಚಿ ತೂತಾದರೆ ಪ್ರಯೋಜನವಿಲ್ಲ.

ಪಶು ಆಹಾರದ ಚೀಲವನ್ನು ಜೋಳದ ಚೀಲಕ್ಕೆ ತಾಗಿಸಿ ಇಡಬೇಡಿ, ಪತಂಗ ಒಂದರಿಂದ ಒಂದಕ್ಕೆ ಹಾರುತ್ತದೆ. ಕೆಳಗೆ ಹಲಗೆ ಇರಲಿ, ಗೋಡೆಯಿಂದ ಒಂದು ಅಡಿ ದೂರವಿರಲಿ. ಹಳೆಯದು ಮುಗಿಯುವ ತನಕ ಹೊಸ ಚೀಲ ಬಿಚ್ಚಬೇಡಿ, ಹಳೆಯದರ ಮೇಲೆ ಹೊಸದನ್ನು ಸುರಿಯಲೂ ಬೇಡಿ. ಮಳೆಗಾಲದಲ್ಲಿ ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಸಂಘದಿಂದ ಒಯ್ಯಿರಿ. ಖಾಲಿ ಗೋಣಿಚೀಲದ ಹೊಲಿಗೆಯಲ್ಲೇ ಹುಳ, ಮೊಟ್ಟೆ ಅಡಗಿರುತ್ತವೆ. ಮತ್ತೆ ಕಾಳು ತುಂಬುವ ಮೊದಲು ಅದನ್ನು ಕುದಿಯುವ ನೀರಿಗೆ ಅದ್ದಿ, ಒಳಮೈ ಹೊರಗೆ ಮಾಡಿ, ಎರಡು ದಿನ ಬಿಸಿಲಿಗೆ ಹಾಕಿ.